ಹೇವೀಜ್ ಬಿಸಿನೀರಿನ ಕೆರೆ: ಹೋಗುವವರಿಗೆ, ಅದರಲ್ಲೂ ಅಪ್ಪ-ಅಮ್ಮನನ್ನು ಕರೆದೊಯ್ಯುವವರಿಗೆ ಸಮಗ್ರ ಮಾರ್ಗದರ್ಶಿ

ಹಂಗೇರಿಯ ಪಶ್ಚಿಮ ಭಾಗದಲ್ಲಿ, ಬಾಲಟನ್ ಸರೋವರದ ತುದಿಯಲ್ಲಿರುವ ಕೆಸ್ತ್‌ಹೇಯ್ ಪಟ್ಟಣದಿಂದ ಏಳೆಂಟು ಕಿಲೋಮೀಟರ್ ಹೋದರೆ ಹೇವೀಜ್ ಸಿಗುತ್ತದೆ. ಪುಟ್ಟ ಊರು, ಅದರ ಮಧ್ಯೆ 4.4 ಹೆಕ್ಟೇರ್ ಅಂದರೆ ಸುಮಾರು 11 ಎಕರೆಯ ಕೆರೆ. ಕೆರೆಯ ನೀರು ವರ್ಷವಿಡೀ ಬೆಚ್ಚಗಿರುತ್ತದೆ, ಜನ ವರ್ಷವಿಡೀ ಇಳಿಯುತ್ತಾರೆ. ಜರ್ಮನಿ, ಆಸ್ಟ್ರಿಯಾ ಕಡೆ ಕೆಲಸದಲ್ಲಿರುವ ನಮ್ಮವರು ಬೇಸಿಗೆಯಲ್ಲಿ ಊರಿಂದ ಬಂದ ಅಪ್ಪ-ಅಮ್ಮನ ಮಂಡಿನೋವಿಗೆ "ಅಲ್ಲಿಗೊಂದು ಸಲ ಕರೆದುಕೊಂಡು ಹೋಗೋಣ" ಎಂದು ಹೊರಡುವುದು ಈ ಜಾಗಕ್ಕೇ.

ಹೊರಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಇದು ಈಜುಕೊಳವಲ್ಲ, ವಾಟರ್ ಪಾರ್ಕಂತೂ ಅಲ್ಲವೇ ಅಲ್ಲ. ಇಲ್ಲಿ ಕೈಕಾಲು ಬಡಿಯದೆ, ತಲೆ ಮೇಲೆತ್ತಿಕೊಂಡು, ಅರ್ಧ ಗಂಟೆ ಸುಮ್ಮನೆ ತೇಲಿ ಎದ್ದು ಬರಬೇಕು. ಇಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು "ಇಷ್ಟು ದೂರ ಬಂದಿದ್ದೇವೆ, ಟಿಕೆಟ್ ದುಡ್ಡು ವಸೂಲಿ ಮಾಡೋಣ" ಎಂದು ಎರಡು ಗಂಟೆ ನೀರಲ್ಲೇ ಕೂತವರಿಗೆ ಆಗುವಂಥವು.

ನೀರು ಬೆಚ್ಚಗಿರುವುದು ಹೇಗೆ

ಕೆರೆಯ ತಳ ಬಟ್ಟಲಿನಂತಿಲ್ಲ, ಆಲಿಕೆಯಂತಿದೆ. ಅತಿ ಆಳದ ಕಡೆ 38 ಮೀಟರ್. ಅಲ್ಲಿರುವ ಗುಹೆಯ ಬಾಯಿಯನ್ನು ಮುಳುಗುಗಾರರು 1975ರಲ್ಲಿ ಪತ್ತೆ ಮಾಡಿದರು. ಗುಹೆಯೊಳಗೆ ಸುಮಾರು 41 ಡಿಗ್ರಿಯ ಬಿಸಿ ಒರತೆಗಳೂ 26 ಡಿಗ್ರಿಯ ತಣ್ಣನೆಯ ಒರತೆಗಳೂ ಬೆರೆತು, 38 ಡಿಗ್ರಿಯ ಆಸುಪಾಸಿನ ನೀರು ಮೇಲಕ್ಕೆ ಉಕ್ಕುತ್ತದೆ. ಸೆಕೆಂಡಿಗೆ ಸುಮಾರು 410 ಲೀಟರ್. ಆ ಲೆಕ್ಕದಲ್ಲಿ ದಿನಕ್ಕೆ ಮೂರೂವರೆ ಕೋಟಿ ಲೀಟರ್, ಮೂರು ದಿನ ಚಿಲ್ಲರೆಯಲ್ಲಿ ಇಡೀ ಕೆರೆಯ ನೀರೇ ಹೊಸದು. ಹೀಗಾಗಿ ಇದಕ್ಕೆ ಕ್ಲೋರಿನ್ ಹಾಕುವ ಪ್ರಮೇಯವೇ ಬರುವುದಿಲ್ಲ. ಹೆಚ್ಚಾದ ನೀರು ಕಾಲುವೆಗೆ ಹರಿದುಹೋಗುತ್ತದೆ. ಆ ಕಾಲುವೆ ಚಳಿಗಾಲದಲ್ಲೂ ಬೆಚ್ಚಗಿರುವುದರಿಂದ, ಯಾರೋ ಅಕ್ವೇರಿಯಮ್‌ನಿಂದ ತಂದು ಬಿಟ್ಟ ಗಪ್ಪಿಯಂಥ ಉಷ್ಣದೇಶದ ಮೀನುಗಳು ಅಲ್ಲಿ ಸಂಸಾರ ಹೂಡಿವೆ.

ಈ ಒರತೆಗೂ ಒಮ್ಮೆ ಕುತ್ತು ಬಂದಿತ್ತು. ಹತ್ತಿರದ ನ್ಯೀರಾದ್‌ನಲ್ಲಿ ಬಾಕ್ಸೈಟ್ ಗಣಿಗಾಗಿ ಅಂತರ್ಜಲವನ್ನು ಪಂಪ್ ಮಾಡಿ ಹೊರಹಾಕುತ್ತಿದ್ದುದರಿಂದ ಇಲ್ಲಿ ಉಕ್ಕುವ ನೀರು ಇಳಿಮುಖವಾಗಿತ್ತು. 1990ರಲ್ಲಿ ಆ ಪಂಪಿಂಗ್ ನಿಂತ ಮೇಲೆ ಕೆರೆ ಚೇತರಿಸಿಕೊಂಡಿತು.

ನೀರಿನಲ್ಲಿ ಗಂಧಕ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಇವೆ. ಅತ್ಯಲ್ಪ ಪ್ರಮಾಣದಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಕೂಡ ಇದೆ. ಮೊದಲ ಸಲ ಹೋದವರ ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ತೆಳುವಾಗಿ ಬಡಿಯುತ್ತದೆ, ಹತ್ತು ನಿಮಿಷಕ್ಕೆ ಅಭ್ಯಾಸವಾಗುತ್ತದೆ.

"ಬಿಸಿನೀರು" ಎಂದ ಕೂಡಲೇ ಮಣಿಕರಣವನ್ನೋ ಪುತ್ತೂರು ಕಡೆಯ ಬೆಂದ್ರುತೀರ್ಥವನ್ನೋ ನೆನೆದುಕೊಂಡು ಹೋದರೆ ನಿರಾಸೆಯಾದೀತು. ಬೇಸಿಗೆಯಲ್ಲಿ ಕೆರೆಯ ಮೇಲ್ಪದರ 33ರಿಂದ 36 ಡಿಗ್ರಿ, ಚಳಿಗಾಲದಲ್ಲಿ 24ರ ಆಸುಪಾಸು. ನಾವು ಮನೆಯಲ್ಲಿ ಬಕೆಟ್ಟಿಗೆ ತುಂಬಿಕೊಳ್ಳುವ ನೀರು 40 ಡಿಗ್ರಿ ಇರುತ್ತದೆ. ಹಾಗಾಗಿ ಜನವರಿಯಲ್ಲಿ ಹಬೆಯಾಡುವ ಕೆರೆಯ ಫೋಟೊ ನೋಡಿ ಮರುಳಾಗುವ ಮೊದಲು ಯೋಚಿಸಿ: ಗಾಳಿ ಸೊನ್ನೆ ಡಿಗ್ರಿ, ನೀರು 24. ವಯಸ್ಸಾದವರಿಗೆ ಅದು ಚಳಿಯೇ. ನಮ್ಮ ಪ್ರಕಾರ ಬೆಂಗಳೂರಿನಿಂದ ಬಂದವರಿಗೆ ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನ ಅವಧಿಯೇ ಸರಿ. ಕೆರೆಯ ಕೆಂದಾವರೆಯಂಥ ನೈದಿಲೆಗಳು ಅರಳುವುದೂ ಬೇಸಿಗೆಯಲ್ಲೇ. ಭಾರತ ಮೂಲದ ಈ ಕೆಂಪು ನೈದಿಲೆಯನ್ನು 1898ರಲ್ಲಿ ಶಾಂದೋರ್ ಲೊವಾಶಿ ಎಂಬ ವಿದ್ವಾಂಸ ಇಲ್ಲಿ ನೆಟ್ಟು ಬೆಳೆಸಿದರು. ಈಗ ಅದು ಊರಿನ ಲಾಂಛನದಲ್ಲೇ ಇದೆ. ನೋಡಿ, ಕೀಳಬೇಡಿ, ಅದು ಸಂರಕ್ಷಿತ.

ಯಾರು ಇಳಿಯಬಾರದು

ಟಿಕೆಟ್, ಹೋಟೆಲಿಗಿಂತ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಬೆಚ್ಚನೆಯ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿದಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯ ಕಡೆ ಏರಿ ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಜೊತೆಗೆ ಶಾಖಕ್ಕೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಆರೋಗ್ಯವಂತರಿಗೆ ಇದು ಹಿತ. ಹೃದಯ ದುರ್ಬಲವಾಗಿದ್ದವರಿಗೆ ಹೊರೆ.

ಹೃದಯ ವೈಫಲ್ಯ, ಹತೋಟಿಯಲ್ಲಿಲ್ಲದ ಬಿಪಿ, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು, ಕ್ಯಾನ್ಸರ್ ಚಿಕಿತ್ಸೆ, ಮೂರ್ಛೆರೋಗ, ತೀವ್ರ ಅಸ್ತಮಾ, ಜ್ವರ, ತೆರೆದ ಗಾಯ, ಗರ್ಭಿಣಿಯರು – ಇವರು ಇಳಿಯುವಂತಿಲ್ಲ. ಮಂಡಿ ಕೆಂಪಾಗಿ ಊದಿಕೊಂಡು ಬಿಸಿಯಾಗಿದ್ದರೆ ಅದು ಇಳಿಯುವವರೆಗೂ ಬೇಡ, ಶಾಖದಿಂದ ಅದು ಇನ್ನಷ್ಟು ಕೆರಳುತ್ತದೆ. ಆಳವೂ ಇದೆ, ನೀರಿನ ಗುಣವೂ ಬೇರೆ. ಚಿಕ್ಕ ಮಕ್ಕಳಿಗೆ ಈ ಕೆರೆ ತಕ್ಕದ್ದಲ್ಲ. ಮಕ್ಕಳಿದ್ದರೆ ಬಾಲಟನ್ ದಡಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ನೀರು ಮೊಣಕಾಲುದ್ದ ಇರುವ ಕಡೆಗಳು ಬೇಕಾದಷ್ಟಿವೆ.

ಸಕ್ಕರೆ ಕಾಯಿಲೆಯವರು ಎರಡು ವಿಷಯ ಗಮನಿಸಬೇಕು. ಶಾಖದಲ್ಲಿ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಶುಗರ್ ದಿಢೀರ್ ಇಳಿಯಬಹುದು. ಚುಚ್ಚಿಕೊಂಡ ಕೂಡಲೇ ಇಳಿಯಬೇಡಿ, ಲಾಕರಿನಲ್ಲಿ ಗ್ಲೂಕೋಸ್ ಇಟ್ಟಿರಿ. ಎರಡನೆಯದು ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ: ಮೆಟ್ಟಿಲಿಗೆ ತಾಗಿ ತರಚಿದ್ದೂ ಗೊತ್ತಾಗುವುದಿಲ್ಲ. ಹೊರಬಂದ ಮೇಲೆ ಇನ್ನೊಬ್ಬರು ಪಾದ ನೋಡಲಿ.

ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅವತ್ತು ಮಾತ್ರೆ ತಪ್ಪಿಸಬೇಕಿಲ್ಲ. ಆದರೆ ನೀರಿನಿಂದ ಏಳುವಾಗ ಅವರಿಗೇ ತಲೆಸುತ್ತು ಹೆಚ್ಚು. ಇದನ್ನೆಲ್ಲ ಊರಿನ ನಿಮ್ಮ ಡಾಕ್ಟರ ಹತ್ತಿರ ಮೊದಲೇ ಮಾತಾಡಿ, ಮಾತ್ರೆಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬರುವುದು ಜಾಣತನ.

ತಲುಪುವುದು

ಹಂಗೇರಿ ಷೆಂಗೆನ್ ದೇಶ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನದು. ಊರಿಂದ ಬರುವ ಹಿರಿಯರಿಗೆ ಯಾವ ದೇಶದಲ್ಲಿ ಹೆಚ್ಚು ರಾತ್ರಿ ಉಳಿಯುತ್ತಾರೋ ಆ ದೇಶದ ವೀಸಾಗೆ ಅರ್ಜಿ ಹಾಕಬೇಕು. ಮ್ಯೂನಿಕ್‌ನಲ್ಲಿ ಮಗನ ಮನೆಯಲ್ಲಿ ಒಂದು ತಿಂಗಳು, ಹೇವೀಜ್‌ನಲ್ಲಿ ಮೂರು ದಿನ ಎಂದಾದರೆ ಜರ್ಮನಿಯದ್ದೇ ಸಾಕು. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಹಳೆಯ ಕಾಯಿಲೆಗೆ ಅದು ಅನ್ವಯಿಸುತ್ತದೋ ಇಲ್ಲವೋ ಓದಿಕೊಳ್ಳಿ.

ಬುಡಾಪೆಸ್ಟಿನ ನೇಪ್‌ಲಿಗೆತ್ ಬಸ್ ನಿಲ್ದಾಣದಿಂದ ಹೇವೀಜ್‌ಗೆ ನೇರ ಬಸ್ಸುಗಳಿವೆ, ಮೂರು ಗಂಟೆಯ ಹಾದಿ. ರೈಲಾದರೆ ದೇಲಿ ನಿಲ್ದಾಣದಿಂದ ಕೆಸ್ತ್‌ಹೇಯ್‌ವರೆಗೆ ಹೋಗಿ, ಅಲ್ಲಿಂದ ಲೋಕಲ್ ಬಸ್ಸಿನಲ್ಲಿ ಕಾಲು ಗಂಟೆ. ಹೇವೀಜ್‌ನಲ್ಲಿ ರೈಲು ನಿಲ್ದಾಣವಿಲ್ಲ. ರೈಲಿನ ಕಿಟಕಿಯಿಂದ ಬಾಲಟನ್ ದಡ ಕಾಣುವುದು ಲಾಭ, ಸಾಮಾನು ಹೊತ್ತು ಬಸ್ ಬದಲಿಸುವುದು ತೊಡಕು. ಹಿರಿಯರಿದ್ದರೆ ಬಸ್ಸೇ ವಾಸಿ. ಕಾರಿನಲ್ಲಿ ಬರುವವರು ಹೆದ್ದಾರಿಯ ವಿನ್ಯೆಟ್ (ರಸ್ತೆ ಸುಂಕದ ಪಾಸ್) ಅನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕೊಳ್ಳಿ. ಗಾಜಿಗೆ ಅಂಟಿಸುವ ಚೀಟಿ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ನಂಬರಿನಲ್ಲಿ ಒಂದಕ್ಷರ ತಪ್ಪಿದರೂ ದಂಡದ ನೋಟಿಸು ಮನೆಗೆ ಬರುತ್ತದೆ.

ನಾಣ್ಯ ಫೋರಿಂಟ್, ಯೂರೊ ಅಲ್ಲ. ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ. ಯಂತ್ರ "ಯೂರೊದಲ್ಲಿ ಕಡಿತ ಮಾಡಲೇ" ಎಂದು ಕೇಳಿದರೆ ಬೇಡವೆಂದು ಫೋರಿಂಟನ್ನೇ ಆರಿಸಿ, ಇಲ್ಲದಿದ್ದರೆ ಅವರು ಹಾಕಿದ್ದೇ ವಿನಿಮಯ ದರ.

ಎಷ್ಟು ದಿನ? ಬರೀ ಅನುಭವಕ್ಕಾದರೆ ಒಂದು ರಾತ್ರಿ ಉಳಿದು ಎರಡು ಬೆಳಿಗ್ಗೆ ಇಳಿದರೆ ಸಾಕು. ಬೆಳಿಗ್ಗೆ ಬಂದು ಸಂಜೆ ವಾಪಸು ಹೋಗುವ ಯೋಜನೆ ಬೇಡ. ಈ ನೀರಿನಿಂದ ಎದ್ದ ಮೇಲೆ, ದೀಪಾವಳಿಯ ಎಣ್ಣೆಸ್ನಾನ ಮುಗಿಸಿದವರಂತೆ, ಮೈ ಹಾಸಿಗೆಯನ್ನು ಕೇಳುತ್ತದೆ. ಆಗ ಮೂರು ಗಂಟೆ ಕಾರು ಓಡಿಸುವುದು ಅಪಾಯಕಾರಿ.

ಚೀಲದಲ್ಲಿ

ಈಜುಡುಗೆ ಕಡುಬಣ್ಣದ್ದಿರಲಿ. ಗಂಧಕಕ್ಕೂ ತಳದ ಕೊಳೆತ ಸಸ್ಯಗಳ ಮಣ್ಣಿಗೂ ತಿಳಿಬಣ್ಣದ ಬಟ್ಟೆ ಕಂದುಗಟ್ಟುತ್ತದೆ. ಎರಡು ಜೊತೆ ತನ್ನಿ, ಒದ್ದೆಯದನ್ನೇ ಮತ್ತೆ ಹಾಕಿಕೊಂಡು ಕೂತರೆ ಚಳಿ ಹಿಡಿಯುತ್ತದೆ. ಹತ್ತಿಯ ಚೂಡಿದಾರ, ಲುಂಗಿ, ಬನಿಯನ್ ಬೇಡ. ನೀರು ಹೀರಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಆಳದ ನೀರಿನಲ್ಲಿ ಅದು ಹುಡುಗಾಟವಲ್ಲ. ಮೈ ಮುಚ್ಚಬೇಕೆನ್ನುವ ಅಮ್ಮಂದಿರಿಗೆ ಈಜುಬಟ್ಟೆಯದೇ ಮೊಣಕಾಲುದ್ದದ ಪ್ಯಾಂಟು, ತೋಳಿನ ಟಾಪು ಅಂಗಡಿಗಳಲ್ಲಿ ಸಿಗುತ್ತವೆ.

ಒಬ್ಬರಿಗೆ ಎರಡು ಟವೆಲ್, ಹಿಂಬದಿ ಪಟ್ಟಿಯಿರುವ ಜಾರದ ರಬ್ಬರ್ ಚಪ್ಪಲಿ, ಬಾತ್‌ರೋಬ್, ಒಂದು ಲೀಟರ್ ಕುಡಿಯುವ ನೀರು. ಬಿಸಿನೀರಲ್ಲಿ ಬೆವರಿದ್ದು ತಿಳಿಯುವುದಿಲ್ಲ, ಮೂತ್ರವೂ ಹೆಚ್ಚು ಬರುತ್ತದೆ. ಹಾಗಾಗಿ ದಾಹವಿಲ್ಲದಿದ್ದರೂ ಕುಡಿಯಬೇಕು.

ಒಡವೆಯ ವಿಷಯ ನಮ್ಮವರಿಗೆಂದೇ ಬರೆಯಬೇಕಾದದ್ದು. ಬೆಳ್ಳಿ ಗಂಧಕದ ಜೊತೆ ಸೇರಿದರೆ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ, ಉಡಿದಾರ ಎಲ್ಲವನ್ನೂ ಹೋಟೆಲಿನಲ್ಲೇ ಬಿಚ್ಚಿಡಿ. ಚಿನ್ನ ಕಪ್ಪಾಗದು, ಆದರೆ ಅದರಲ್ಲಿ ಬೆರೆತ ತಾಮ್ರ-ಬೆಳ್ಳಿಯಿಂದ ಹೊಳಪು ಮಂಕಾಗಬಹುದು. ಮಾಂಗಲ್ಯ ತೆಗೆಯಲೊಪ್ಪದವರು ಅರಿಶಿನ ದಾರದಲ್ಲಿ ಕಟ್ಟಿಕೊಂಡರೆ ಸರ ಕಳಚಿ ಆಳಕ್ಕೆ ಬೀಳುವ ಭಯವಿಲ್ಲ. ವರ್ಷಗಟ್ಟಲೆ ಬಿಚ್ಚದ ಕಾಲುಂಗುರ ಬರದಿದ್ದರೆ ಸೋಪು ಹಚ್ಚಿ ತಿರುಗಿಸಿ, ಆಗದಿದ್ದರೆ ಹಾಗೇ ಬಿಡಿ. ಕಪ್ಪಾದದ್ದನ್ನು ಮನೆಗೆ ಬಂದ ಮೇಲೆ ತಿರುಗಿ ಬೆಳಗಿಸಬಹುದು: ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ಲೋಟ ಕುದಿನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮ್ಮಿಗೆ ಹೋಗುತ್ತದೆ, ಕೆಲವೇ ನಿಮಿಷದಲ್ಲಿ ಕಪ್ಪು ಕರಗುತ್ತದೆ. ಹರಳು ಕೂರಿಸಿದ್ದಕ್ಕೆ ಹೀಗೆ ಮಾಡಬೇಡಿ, ಅಂಟು ಬಿಡುತ್ತದೆ.

ಮೈಗೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ. ಕೆರೆಯ ಮೇಲೆ ಪದರ ಕಟ್ಟುತ್ತದೆ, ಮೆಟ್ಟಿಲೂ ಜಾರುತ್ತದೆ.

ಗೇಟಿನಿಂದ ನೀರಿಗೆ

1. ತೆರೆಯುವ ವೇಳೆ ಋತುವಿನ ಮೇಲೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ವಾರದ ದಿನ, ಬಾಗಿಲು ತೆರೆದ ಮೊದಲ ಗಂಟೆ ಎಲ್ಲಕ್ಕಿಂತ ಪ್ರಶಾಂತ. ತಿಂಡಿ ತಿಂದು ಒಂದೂವರೆ ಗಂಟೆಯಾದರೂ ಆಗಿರಲಿ, ಖಾಲಿ ಹೊಟ್ಟೆಯೂ ಬೇಡ.

2. ಟಿಕೆಟ್ ಗಂಟೆಗಳ ಲೆಕ್ಕದ್ದೂ ಇದೆ, ದಿನದ್ದೂ ಇದೆ. ಮೊದಲ ಸಲಕ್ಕೆ ಮೂರು ಗಂಟೆಯದು ಬೇಕಾದಷ್ಟಾಯಿತು. ಕೈಗೆ ಕಟ್ಟುವ ಪಟ್ಟಿಯಲ್ಲಿ ಚಿಪ್ ಇರುತ್ತದೆ. ಬಟ್ಟೆ ಬದಲಿಸುವ ಸಮಯವೂ ಅದರಲ್ಲೇ ಸೇರುತ್ತದೆ, ಮೀರಿದರೆ ಹೊರಹೋಗುವಾಗ ಹೆಚ್ಚುವರಿ ಹಣ. ಪಟ್ಟಿ ಕಳೆದುಕೊಳ್ಳಬೇಡಿ.

3. ಲಾಕರಿನಲ್ಲಿ ಸಾಮಾನಿಟ್ಟು, ಶವರಿನಲ್ಲಿ ಮೈ ತೊಳೆದುಕೊಳ್ಳಿ. ಎಣ್ಣೆ, ಸೆಂಟು, ಕ್ರೀಮು ಹೋಗಬೇಕು.

4. ಈಜು ಬಾರದಿದ್ದರೆ, ಬಂದರೂ ವಯಸ್ಸಾಗಿದ್ದರೆ, ತೇಲುವ ರಿಂಗ್ ಬಾಡಿಗೆಗೆ ತೆಗೆದುಕೊಳ್ಳಿ. ಇದರಲ್ಲಿ ನಾಚಿಕೆ ಏನಿಲ್ಲ, ದಿನವೂ ಬರುವ ಅಲ್ಲಿನ ಅಜ್ಜ-ಅಜ್ಜಿಯರ ಕಂಕುಳಲ್ಲೂ ರಿಂಗೇ. ಕಾಲಿಗೆ ನೆಲ ಸಿಗುವ ಜಾಗ ಈ ಕೆರೆಯಲ್ಲಿ ಇಲ್ಲವೆಂದೇ ತಿಳಿದು ಇಳಿಯಿರಿ.

5. ಕೆರೆಯ ಮಧ್ಯಕ್ಕೆ ಕಂಬಗಳ ಮೇಲೆ ಚಾಚಿಕೊಂಡಿರುವ ಗೋಪುರದ ಕಟ್ಟಡವಿದೆ. 1986ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಿದ್ದು. ಅದರ ಒಳಗಿನ ಮೆಟ್ಟಿಲಿನಿಂದಲೇ ನೀರಿಗಿಳಿದು ಹೊರಗೆ ತೇಲಿಕೊಂಡು ಹೋಗಬಹುದು. ಗಾಳಿಯಿರುವ ದಿನ, ಚಳಿಯ ದಿನ ಇದೇ ದಾರಿ ಹಿಡಿಯಿರಿ.

6. ಮರದ ಮೆಟ್ಟಿಲು ಪಾಚಿಯಿಂದ ಲೋಳೆಯಾಗಿರುತ್ತದೆ. ಕಂಬಿಗೆ ಎದುರಾಗಿ, ಏಣಿ ಇಳಿಯುವ ಹಾಗೆ ಹಿಂದುಮುಖವಾಗಿ, ಎರಡೂ ಕೈಯಲ್ಲಿ ಹಿಡಿದು ಇಳಿಯಿರಿ. ಸೊಂಟದವರೆಗೆ ನೀರಿಗೆ ಬಂದು ಒಂದು ನಿಮಿಷ ನಿಂತು, ಆಮೇಲೆ ಎದೆ, ಆಮೇಲೆ ಕುತ್ತಿಗೆ. ಧುಮುಕುವುದು ಎಂದಿಗೂ ಬೇಡ.

ನೀರಿನಲ್ಲಿ

ರಿಂಗನ್ನು ಕಂಕುಳ ಕೆಳಗೆ ಸೇರಿಸಿ, ಕಾಲು ಇಳಿಬಿಟ್ಟು, ನೆಟ್ಟಗೆ ತೇಲಿ. ನೀರಿನಲ್ಲಿ ದೇಹದ ಭಾರ ಮಂಡಿಯ ಮೇಲೆ ಬೀಳುವುದಿಲ್ಲ, ಬೆನ್ನುಮೂಳೆಯ ಮಣಿಗಳ ನಡುವೆಯೂ ಬಿಗುವು ಸಡಿಲವಾಗುತ್ತದೆ. ನೋವಿಗೆ ಹಾಯೆನಿಸುವುದರಲ್ಲಿ ದೊಡ್ಡ ಪಾಲು ಇದರದೇ. ಮಂಡಿಯನ್ನು ಮೆಲ್ಲಗೆ ಮಡಚಿ ಬಿಚ್ಚುವುದು, ಪಾದ ತಿರುಗಿಸುವುದು, ಇಷ್ಟು ಸಾಕು. ಜೋರಾಗಿ ಈಜಿದರೆ ಮೈಯ ಶಾಖ ಹೊರಹೋಗಲು ದಾರಿಯಿಲ್ಲದೆ ಎದೆಬಡಿತ ಏರುತ್ತದೆ. ಅಲ್ಲಲ್ಲಿ ಹಿಡಿದುಕೊಳ್ಳಲು ಕಂಬಿಗಳಿವೆ, ದಣಿವಾದರೆ ಅಲ್ಲಿ ತಂಗಿ.

ಮೂಗು, ಬಾಯಿ ನೀರಿನ ಮೇಲೇ ಇರಲಿ. ಬೆಚ್ಚಗಿನ ಸಿಹಿನೀರು ಯಾವ ದೇಶದ್ದಾದರೂ ಇದು ನಿಯಮ. ಕೇರಳದ ಅಮೀಬಾ ಪ್ರಕರಣಗಳನ್ನು ಪತ್ರಿಕೆಯಲ್ಲಿ ಓದಿದವರಿಗೆ ಕಾರಣ ಗೊತ್ತಿರುತ್ತದೆ: ಅಂಥ ರೋಗಾಣು ಮೂಗಿನಿಂದಲೇ ಮಿದುಳಿಗೆ ಹೋಗುವುದು. ನೀರನ್ನು ತೀರ್ಥವೆಂದು ಕುಡಿಯುವುದೂ ಬೇಡ.

ಮೊದಲ ದಿನ 20 ನಿಮಿಷ, ಹೆಚ್ಚೆಂದರೆ 30. ಜೊತೆಗಿದ್ದವರಲ್ಲಿ ಒಬ್ಬರು ದಡದಲ್ಲಿ ಗಡಿಯಾರ ನೋಡುತ್ತಿರಲಿ, ನೀರಲ್ಲಿದ್ದವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ತಲೆ ಭಾರ, ಕಿವಿಯಲ್ಲಿ ಗುಂಯ್ ಎನ್ನುವುದು, ವಾಕರಿಕೆ, ಎದೆಯಲ್ಲಿ ಡವಡವ – ಇದರಲ್ಲಿ ಒಂದು ಕಂಡರೂ ತಕ್ಷಣ ಕಂಬಿ ಹಿಡಿದು ಮೆಟ್ಟಿಲಿನ ಕಡೆ. ಗುಡುಗು ಕೇಳಿದರೂ ಅಷ್ಟೇ.

ಏಳುವಾಗ ಅವಸರ ಬೇಡ. ನೀರಿನ ಒತ್ತಡ ತಪ್ಪಿದ ಕ್ಷಣ ಹಿಗ್ಗಿದ ನಾಳಗಳಿಗೆ ರಕ್ತ ಕಾಲಿನತ್ತ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ಬಿದ್ದು ಸೊಂಟ ಮುರಿಯುವುದು ಇಂಥ ಹೊತ್ತಿನಲ್ಲೇ. ಎರಡು ಮೆಟ್ಟಿಲು ಹತ್ತಿ ನಿಲ್ಲಿ, ಉಸಿರೆಳೆದುಕೊಳ್ಳಿ, ಮತ್ತೆರಡು. ಹಿರಿಯರ ಹಿಂದೆ ಕೆಳಗಿನ ಮೆಟ್ಟಿಲಲ್ಲಿ ಒಬ್ಬರು ಇರಲೇಬೇಕು.

ಎದ್ದ ಮೇಲೆ

ಒರೆಸಿಕೊಂಡು, ಬಾತ್‌ರೋಬ್ ಸುತ್ತಿಕೊಂಡು, ಅರ್ಧದಿಂದ ಒಂದು ಗಂಟೆ ಒರಗಿಕೊಳ್ಳಿ. ಎರಡು ಲೋಟ ನೀರು. ಬಿಯರ್, ವೈನ್ ಮುಟ್ಟಬೇಡಿ, ಇಳಿದ ಬಿಪಿಯನ್ನು ಅದು ಇನ್ನೂ ಇಳಿಸುತ್ತದೆ. ಬೇಕೆನಿಸಿದರೆ ಎರಡನೇ ಸಲ ಇಳಿಯಬಹುದು, ಆದರೆ ಇಡೀ ದಿನದ್ದು ಕೂಡಿಸಿದರೂ ಒಂದೂವರೆ ಗಂಟೆ ದಾಟದಿರಲಿ. ಕೊನೆಗೆ ಸೋಪಿಲ್ಲದೆ ಬರೀ ನೀರಿನಲ್ಲಿ ಮೈ ತೊಳೆದು, ಒಣಚರ್ಮದವರು ಕ್ರೀಮು ಹಚ್ಚಿಕೊಳ್ಳಿ. ಕೊಬ್ಬರಿ ಎಣ್ಣೆಗೆ ಈಗ ಅಡ್ಡಿಯಿಲ್ಲ.

ಮರುದಿನ ಮಂಡಿನೋವು ಹೆಚ್ಚಾದರೆ, ಮೈ ಸೋತರೆ ಗಾಬರಿ ಬೇಡ, ಇಂಥ ಸ್ನಾನ ಶುರುಮಾಡಿದ ಮೊದಲ ವಾರ ಹೀಗಾಗುವುದುಂಟು. ಒಂದು ದಿನ ಬಿಟ್ಟು, ಅವಧಿ ಕಡಿಮೆ ಮಾಡಿ.

ಚಿಕಿತ್ಸೆಗೆಂದೇ ಬರುವವರು

ಎರಡು ಸಲ ಇಳಿದ ಮಾತ್ರಕ್ಕೆ ಸವೆದ ಮಂಡಿ ಬೆಳೆಯುವುದಿಲ್ಲ. ಅಲ್ಲಿನ ಸಂಪ್ರದಾಯದಲ್ಲೇ ಚಿಕಿತ್ಸೆಯೆಂದರೆ ಎರಡು ಮೂರು ವಾರ, ಮೊದಲು ವೈದ್ಯರ ತಪಾಸಣೆ. ಕೌಂಟ್ ಜ್ಯೋರ್ಜ್ ಫೆಸ್ತೆತಿಚ್ 1795ರಲ್ಲಿ ಇಲ್ಲಿ ಮೊದಲ ಸ್ನಾನಗೃಹ ಕಟ್ಟಿಸಿದಂದಿನಿಂದ ಬೆಳೆದುಬಂದ ವ್ಯವಸ್ಥೆ ಇದು. ಕೆರೆಯ ಪಕ್ಕದಲ್ಲೇ ಸಂತ ಆಂದ್ರಾಶ್ ಹೆಸರಿನ ಸಂಧಿವಾತದ ಆಸ್ಪತ್ರೆ ಇದೆ.

ಇಲ್ಲಿನ ವಿಶೇಷ ಎಂದರೆ ಡಾ. ಕಾರೋಯ್ ಮೋಲ್ 1953ರಲ್ಲಿ ರೂಪಿಸಿದ ಭಾರಸ್ನಾನ. ರೋಗಿಯನ್ನು ಕತ್ತಿನ ಪಟ್ಟಿ ಅಥವಾ ಕಂಕುಳ ಆಸರೆಯಿಂದ ಬೆಚ್ಚನೆಯ ನೀರಿನಲ್ಲಿ ನೆಟ್ಟಗೆ ತೂಗುಬಿಟ್ಟು, ಸೊಂಟಕ್ಕೋ ಕಣಕಾಲಿಗೋ ತೂಕ ಕಟ್ಟುತ್ತಾರೆ. ಸ್ನಾಯು ಶಾಖಕ್ಕೆ ಸಡಿಲವಾಗಿರುವುದರಿಂದ ಕಡಿಮೆ ತೂಕಕ್ಕೇ ಬೆನ್ನುಮೂಳೆ ಹಿಗ್ಗಿ, ಒತ್ತಿಕೊಂಡ ನರಕ್ಕೆ ಜಾಗ ಸಿಗುತ್ತದೆ. ಡಿಸ್ಕ್ ತೊಂದರೆಯವರು ಸ್ಕ್ಯಾನ್ ವರದಿ ತಂದು, ವೈದ್ಯರು ಒಪ್ಪಿದರೆ ಮಾತ್ರ ಮಾಡಿಸಿಕೊಳ್ಳಿ. ಮೂಳೆ ತೀರಾ ಟೊಳ್ಳಾಗಿರುವವರಿಗೆ ಇದು ಬೇಡ. ಕೆರೆಯ ಕಂದು ಕೆಸರಿನ ಲೇಪವೂ ಇದೆ. ಅದು ಕೆರೆಯ ನೀರಿಗಿಂತ ಬಿಸಿ; ಪಾದದ ಸ್ಪರ್ಶ ಕಡಿಮೆಯಿರುವ ಸಕ್ಕರೆ ರೋಗಿಗಳು ಮೊದಲೇ ಹೇಳಿ.

ಊಟ

ಸಸ್ಯಾಹಾರಿಗಳು "ತರಕಾರಿ ಸೂಪ್" ಎಂಬ ಹೆಸರನ್ನು ನಂಬಬೇಡಿ, ಮಾಂಸದ ಕಟ್ಟಿನಲ್ಲಿ ಮಾಡಿರಬಹುದು, ಕೇಳಿ. ಲಾಂಗೋಶ್ ಎಂಬ ಕರಿದ ರೊಟ್ಟಿ ಬೆಳ್ಳುಳ್ಳಿ, ಹುಳಿಕೆನೆ, ಚೀಸಿನೊಡನೆ ಸಿಗುತ್ತದೆ. ರುಚಿಯೇನೋ ರುಚಿ, ಆದರೆ ಸ್ನಾನಕ್ಕೆ ಮೊದಲು ತಿಂದರೆ ಹೊಟ್ಟೆಯಲ್ಲಿ ಕಲ್ಲಾಗುತ್ತದೆ. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದು, ಪುಟ್ಟ ಕುಕ್ಕರ್, ಅಕ್ಕಿ, ಬೇಳೆ, ಸಾರಿನ ಪುಡಿ ಕಾರಿನಲ್ಲಿ ತಂದರೆ ಹಿರಿಯರಿಗೆ ಊಟದ ಚಿಂತೆಯಿಲ್ಲ. ಒದ್ದೆ ಈಜುಡುಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ರಾತ್ರಿಯಿಡೀ ಕಟ್ಟಿಡಬೇಡಿ. ಗಂಧಕದ ವಾಸನೆ ಕೂತುಬಿಟ್ಟರೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ. ಅಂದೇ ತಣ್ಣೀರಿನಲ್ಲಿ ಜಾಲಿಸಿ, ಒಳಮಗ್ಗಲು ಹೊರಗೆ ಮಾಡಿ, ನೆರಳಲ್ಲಿ ಒಣಗಿಸಿ.